ಎಲೆಕ್ಟ್ರಿಕ್ ಸ್ಪೋರ್ಟ್ಸ್ ಸೆಡಾನಿಗೆ ದುಬಾರಿ ಸಸ್ಪೆನ್ಷನ್: ಬುಕಿಂಗ್‌ಗೆ ಮುಂಚೆ ಮಾಡಬೇಕಾದ್ದು, ಮಾಡಬಾರದ್ದು

ಮನ್ನಳ್ಳಿ, ಬೀದರ, ಭಾಲ್ಕಿ, ಔರಾದ ಕಡೆಯಿಂದ ಹೈದರಾಬಾದಿಗೆ ಹೋಗಿ ಎಲೆಕ್ಟ್ರಿಕ್ ಸ್ಪೋರ್ಟ್ಸ್ ಸೆಡಾನ್ ನೋಡುತ್ತಿರುವವರಿಗೆ ಈ ಸೂಚನೆ. "ನಿಮ್ಮ ಕಡೆ ರೋಡ್ ಸರಿ ಇರಲ್ಲ, ಸಸ್ಪೆನ್ಷನ್ ಚಲೋ ಇರೋ ಮಾಡೆಲ್ ತಗೋರಿ" ಎಂಬ ಮಾತು ಶೋರೂಮಿನಲ್ಲಿ ಕೇಳಿಬರುತ್ತದೆ. ಆ ಒಂದು ಮಾತಿಗೆ ಲಕ್ಷಗಟ್ಟಲೆ ಕೊಡಬೇಡಿ. ಕುಲುಕಾಟ ಕಡಿಮೆ ಮಾಡುವ ಸಸ್ಪೆನ್ಷನ್ ಬೇರೆ, ಕಾರನ್ನು ಮೇಲೆತ್ತುವ ಸಸ್ಪೆನ್ಷನ್ ಬೇರೆ. ನಮ್ಮ ಹಳ್ಳಿ ರಸ್ತೆಯಲ್ಲಿ ಇಂಥ ಕಾರಿಗೆ ದೊಡ್ಡ ಅಪಾಯ ಇರುವುದು ತಳ ಬಡಿಯುವುದರಿಂದ.

ಮಾಡಬೇಕಾದ್ದು

"ಇದು ಕಾರನ್ನು ಎತ್ತುತ್ತದೆಯೇ?" ಎಂದು ಮೊದಲು ಕೇಳಿ. ಹೌದು ಅಥವಾ ಇಲ್ಲ ಎಂಬ ಉತ್ತರ ಬರುವವರೆಗೆ ಬೇರೆ ಮಾತಿಗೆ ಹೋಗಬೇಡಿ. ಬಿವೈಡಿ ಸೀಲ್ ಕಾರನ್ನೇ ನೋಡಿ. 2025ರಲ್ಲಿ ಅದರ ಪ್ರೀಮಿಯಂ ಮಾದರಿಗೆ ಹೊಸ ಬಗೆಯ ಶಾಕಪ್ ಬಂತು: ಸಣ್ಣ ಸಣ್ಣ ತಗ್ಗುಗಳ ಬಿರುಸಾದ ಹೊಡೆತಕ್ಕೆ ಒಳಗಿನ ಎಣ್ಣೆಗೆ ಇನ್ನೊಂದು ದಾರಿ ತೆರೆದು ಮೆತ್ತಗಾಗುತ್ತದೆ, ತಿರುವಿನಲ್ಲಿ ಕಾರು ವಾಲುವಾಗ ಬಿಗಿಯಾಗಿರುತ್ತದೆ. ಇದರಲ್ಲಿ ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ. ಮೇಲಿನ ಪರ್ಫಾರ್ಮೆನ್ಸ್ ಮಾದರಿಯಲ್ಲಿ ಇದೇ ಕೆಲಸವನ್ನು ಎಲೆಕ್ಟ್ರಾನಿಕ್ಸ್ ಮಾಡುತ್ತದೆ. ಎರಡೂ ಒಳ್ಳೆಯವೇ. ಆದರೆ ಎರಡೂ ಕಾರನ್ನು ಒಂದು ಬೆರಳಿನಷ್ಟೂ ಎತ್ತುವುದಿಲ್ಲ. ಬಿಎಂಡಬ್ಲ್ಯು ಐ4 ಕಾರಿನ ಹಿಂದಿನ ಗಾಲಿಗಳಿಗೆ ಏರ್ ಸಸ್ಪೆನ್ಷನ್ ಇದೆ. ಹಿಂದೆ ಭಾರ ಬಿದ್ದಾಗ ಕಾರು ಕುಸಿಯದಂತೆ ಅದು ಕಾಯುತ್ತದೆ, ಹಂಪ್ ದಾಟಿಸಲು ಎತ್ತುವುದು ಅದರ ಕೆಲಸವಲ್ಲ. ನಿಜವಾಗಿ ಎತ್ತುವುದು ಪೋರ್ಷೆ ಟೈಕಾನ್‌ನಂಥ ಕಾರುಗಳ ನಾಲ್ಕೂ ಗಾಲಿಯ ಏರ್ ಸಸ್ಪೆನ್ಷನ್. ಅದರ ಸ್ಮಾರ್ಟ್‌ಲಿಫ್ಟ್‌ನಲ್ಲಿ ದಿನಾ ಸಿಗುವ ಹಂಪಿನ ಜಾಗವನ್ನು ಒಮ್ಮೆ ಗುರುತು ಮಾಡಿಟ್ಟರೆ ಅಲ್ಲಿಗೆ ಬಂದಾಗ ಕಾರು ತಾನಾಗಿ ಎತ್ತರವಾಗುತ್ತದೆ. ಬೀದರ ಜಿಲ್ಲೆಯಲ್ಲಿ ಹೆಚ್ಚುವರಿ ದುಡ್ಡಿಗೆ ಯೋಗ್ಯವಾದದ್ದು ಇದು.

ನಿಮ್ಮೂರಿನ ಹಂಪನ್ನು ಟೇಪ್ ಹಿಡಿದು ಅಳೆಯಿರಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ನಿಯಮದ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ಸೀಲ್ ಕಾರಿನ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ 2.92 ಮೀಟರ್. ಅಂದರೆ ನಿಯಮದ ಹಂಪಿನ ಮೇಲೆ ಇಡೀ ಕಾರೇ ಹತ್ತಿ ನಿಲ್ಲುತ್ತದೆ, ಹೊಟ್ಟೆಯ ಕೆಳಗೆ ಉಬ್ಬಿ ಬರುವುದು ಸುಮಾರು 6 ಸೆಂ.ಮೀ. ಮಾತ್ರ. 145 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ ಇರುವ ಆ ಕಾರು ಅದನ್ನು ಸಲೀಸಾಗಿ ದಾಟುತ್ತದೆ. ಆದರೆ ಶಾಲೆ ಮುಂದೆ, ಗುಡಿ ಮುಂದೆ ಊರವರೇ ಸಿಮೆಂಟ್ ಸುರಿದು ಮಾಡಿದ ಮೊಳದಗಲದ ದಿಂಡು? ಅದು 15 ಸೆಂ.ಮೀ. ಇದ್ದರೆ ಪೂರ್ತಿ 15 ಸೆಂ.ಮೀ. ಹೊಟ್ಟೆಯ ಕೆಳಗೆ ಬರುತ್ತದೆ, ತಳ ಬಡಿಯುತ್ತದೆ. ಮನೆಯಿಂದ ಹೆದ್ದಾರಿಯವರೆಗೆ ಇಂಥವು ಎಷ್ಟಿವೆ ಎಂದು ಬರೆದಿಟ್ಟುಕೊಳ್ಳಿ. ಶೋರೂಮಿನ ಬ್ರೋಷರಿಗಿಂತ ಈ ಚೀಟಿ ನಿಮಗೆ ಹೆಚ್ಚು ಬೇಕಾದದ್ದು.

ಟೆಸ್ಟ್ ಡ್ರೈವ್‌ಗೆ ಮನೆಮಂದಿಯನ್ನೆಲ್ಲ ಕೂಡಿಸಿಕೊಂಡು ಹೋಗಿ. ಒಬ್ಬರೇ ಓಡಿಸಿದರೆ ಕ್ಲಿಯರೆನ್ಸ್ ಎಷ್ಟು ಇಳಿಯುತ್ತದೆಂಬುದು ಗೊತ್ತಾಗುವುದಿಲ್ಲ. ಐದು ಜನ ಕೂತು, ಡಿಕ್ಕಿಯಲ್ಲಿ ಎರಡು ಚೀಲ ಇಟ್ಟು, ಹಾಳಾದ ರಸ್ತೆಯನ್ನೇ ಹುಡುಕಿ ಓಡಿಸಿ. ಹೈದರಾಬಾದಿನ ಔಟರ್ ರಿಂಗ್ ರೋಡಿನ ಮೇಲೆ ಎಲ್ಲ ಕಾರೂ ಚೆನ್ನಾಗಿಯೇ ಓಡುತ್ತದೆ.

ಟೈರಿನ ಪಕ್ಕೆ ನೋಡಿ. 225/50 ಆರ್18 ಟೈರಿನ ಪಕ್ಕೆ ಸುಮಾರು 112 ಮಿ.ಮೀ., 235/45 ಆರ್19 ಟೈರಿಂದು 106. ನಮ್ಮ ತಗ್ಗುಗಳಿಗೆ ಸಣ್ಣ ಗಾಲಿ, ದಪ್ಪ ಪಕ್ಕೆಯೇ ಸರಿ. ಆಯ್ಕೆ ಸಿಕ್ಕಿದರೆ ಅದನ್ನೇ ತೆಗೆದುಕೊಳ್ಳಿ.

ವಾರಕ್ಕೆ ಎರಡು ಮೂರು ಸಲ 65ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಹೈದರಾಬಾದಿಗೆ ಹೋಗುವವರು ಎಲೆಕ್ಟ್ರಾನಿಕ್ ಶಾಕಪ್ ಬೇಕೋ ಬೇಡವೋ ಎಂದು ಯೋಚಿಸಬಹುದು. ಇಂಥ ಕಾರು ಎರಡು ಟನ್ ತೂಗುತ್ತದೆ. ಭಾಲ್ಕಿ, ಔರಾದ ಕಡೆ ಎರೆಭೂಮಿಯ ಮೇಲಿನ ರಸ್ತೆಗಳೂ ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗಿ ಅಲೆ ಅಲೆಯಾಗಿರುತ್ತವೆ. ವೇಗದಲ್ಲಿ ಅಂಥ ಅಲೆಯ ಮೇಲೆ ಹಾಯುವಾಗ ತೂಕದ ಕಾರನ್ನು ಹಿಡಿದಿಡಲು ಆ ಶಾಕಪ್ ನಿಜಕ್ಕೂ ನೆರವಾಗುತ್ತದೆ. ಊರೊಳಗಿನ ಓಡಾಟಕ್ಕೆ ಅದರ ಖರ್ಚು ದಂಡ.

ಮಾಡಬಾರದ್ದು

ಸಸ್ಪೆನ್ಷನ್ ಒಂದಕ್ಕಾಗಿ ಮೇಲಿನ ಮಾಡೆಲಿಗೆ ಹಾರಬೇಡಿ. ನಮ್ಮ ದೇಶದಲ್ಲಿ ಇವು ಹೆಚ್ಚಾಗಿ ಬಿಡಿಯಾಗಿ ಸಿಗುವುದಿಲ್ಲ, ಮಾಡೆಲ್ ಜೊತೆ ಕಟ್ಟಿ ಕೊಡುತ್ತಾರೆ. 2025ರಲ್ಲಿ ಸೀಲ್ ಪ್ರೀಮಿಯಂ ಎಕ್ಸ್‌ಶೋರೂಮ್ ಬೆಲೆ 45.70 ಲಕ್ಷ, ಪರ್ಫಾರ್ಮೆನ್ಸ್ 53.15 ಲಕ್ಷ. ನಡುವಿನ 7.45 ಲಕ್ಷದಲ್ಲಿ ಇನ್ನೊಂದು ಮೋಟಾರು, 3.8 ಸೆಕೆಂಡಿನಲ್ಲಿ ನೂರು ಮುಟ್ಟುವ ವೇಗ ಎಲ್ಲ ಸೇರಿವೆ. 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರಿಗೆ ಕರ್ನಾಟಕದಲ್ಲಿ 2024ರಲ್ಲಿ ಶೇ 10ರ ಜೀವಿತಾವಧಿ ತೆರಿಗೆ ಬಂದದ್ದರಿಂದ ಆ ಹೆಚ್ಚುವರಿಯ ಮೇಲೆ ಮುಕ್ಕಾಲು ಲಕ್ಷದಷ್ಟು ತೆರಿಗೆಯೂ ಬೀಳುತ್ತದೆ. ವೇಗ ಬೇಡದವರು ಪ್ರೀಮಿಯಂನಲ್ಲೇ ನಿಲ್ಲಿ.

"ಕಂಫರ್ಟ್ ಮೋಡಿಗೆ ಹಾಕಿದರೆ ತಗ್ಗು ಗೊತ್ತೇ ಆಗಲ್ಲ" ಎಂಬುದನ್ನು ನಂಬಬೇಡಿ. ಮೋಡ್ ಬದಲಿಸಿದರೆ ಶಾಕಪ್ಪಿನ ಬಿಗಿ ಬದಲಾಗುತ್ತದೆ, ಸ್ಟೀಲ್ ಸ್ಪ್ರಿಂಗ್ ಇದ್ದಂತೆಯೇ ಇರುತ್ತದೆ.

ಹೊರಗೆ ಸ್ಪ್ರಿಂಗಿಗೆ ರಬ್ಬರ್ ಬಫರ್, ಸ್ಪೇಸರ್ ಹಾಕಿಸಿ ಎತ್ತರ ಮಾಡಿಸಬೇಡಿ. ಖರ್ಚು ಕಡಿಮೆ ಎಂದು ಎಲ್ಲರ ಕಣ್ಣೂ ಮೊದಲು ಅಲ್ಲಿಗೇ ಹೋಗುತ್ತದೆ. ಇಷ್ಟು ತೂಕದ ಕಾರಿನಲ್ಲಿ ಅದು ಗಾಲಿಯ ಕೋನ ಕೆಡಿಸುತ್ತದೆ, ಟೈರ್ ಒಂದೇ ಕಡೆ ಸವೆಯುತ್ತದೆ, ವಾರಂಟಿ ಹೋಗುತ್ತದೆ. ವಾಹನದ ಮೂಲ ವಿವರಗಳಿಗೆ ಹೊಂದದ ಬದಲಾವಣೆಯನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಒಪ್ಪುವುದಿಲ್ಲ.

ರಸ್ತೆ ಮೇಲೆ ಹರಡಿದ ಸೋಯಾ, ತೊಗರಿಯ ರಾಶಿಯ ಮೇಲೆ ಹತ್ತಿಸಬೇಡಿ. ಕಾಳಿನ ಅಂಚಿಗೆ ಗಾಡಿ ಬಾರದಿರಲೆಂದು ರೈತರು ಕಲ್ಲಿಟ್ಟಿರುತ್ತಾರೆ, ಹೊಟ್ಟಿನಲ್ಲಿ ಅದು ಕಾಣುವುದಿಲ್ಲ. ಪೆಟ್ರೋಲ್ ಕಾರಿಗೆ ಚೇಂಬರ್ ಬಡಿದರೆ ಎಣ್ಣೆ ಸೋರುತ್ತದೆ, ಮೆಕ್ಯಾನಿಕ್ ಸರಿ ಮಾಡುತ್ತಾನೆ. ಇಲ್ಲಿ ಇಡೀ ತಳವೇ ಬ್ಯಾಟರಿ. ಕಾಣದ ಕಲ್ಲಿನಿಂದ ಯಾವ ಸಸ್ಪೆನ್ಷನ್ನೂ ಅದನ್ನು ಕಾಯುವುದಿಲ್ಲ. ಬ್ಯಾಟರಿಯ ತಳಕ್ಕೆ ಬಿದ್ದ ಪೆಟ್ಟು ವಿಮೆಯಲ್ಲಿ ಸೇರಿದೆಯೇ ಎಂದು ಪಾಲಿಸಿ ಓದದೆ ಸಹಿ ಹಾಕಬೇಡಿ.

ಕಬ್ಬಿನ ಹಂಗಾಮಿನಲ್ಲಿ ಜೋಡಿ ಟ್ರಾಲಿ ಟ್ರ್ಯಾಕ್ಟರುಗಳು ಓಡಾಡಿ ರಸ್ತೆಯಲ್ಲಿ ಗಾಲಿಜಾಡು ಬಿದ್ದಿರುತ್ತದೆ, ನಡುವಿನ ದಿಂಡು ಎತ್ತರವಾಗಿರುತ್ತದೆ. ಆ ಜಾಡಿನಲ್ಲಿ ಗಾಲಿ ಇಳಿಸಬೇಡಿ. ಒಂದು ಕಡೆಯ ಗಾಲಿಯನ್ನು ದಿಂಡಿನ ಮೇಲೆ ಇಟ್ಟು ನಿಧಾನ ಹೋಗಿ.

ಏರ್ ಸಸ್ಪೆನ್ಷನ್ ಕೂತುಬಿಟ್ಟ ಕಾರನ್ನು ಓಡಿಸಬೇಡಿ, ಹಗ್ಗ ಕಟ್ಟಿ ಎಳೆಸಬೇಡಿ. ಅದನ್ನು ಲಾರಿ ಮೇಲೇರಿಸಿಯೇ ಒಯ್ಯಬೇಕು. ಬೀದರಿನಿಂದ ಹೈದರಾಬಾದು ಸುಮಾರು 140 ಕಿ.ಮೀ. ಆ ಖರ್ಚು ಯಾರದು, ವಾರಂಟಿ ಮುಗಿದ ಮೇಲೆ ಒಂದು ಏರ್ ಸ್ಪ್ರಿಂಗಿಗೆ ಎಷ್ಟು, ಎಷ್ಟು ದಿನದಲ್ಲಿ ತರಿಸಿಕೊಡುತ್ತಾರೆ: ಈ ಮೂರನ್ನೂ ಶೋರೂಮಿನ ಲೆಟರ್‌ಹೆಡ್ ಮೇಲೆ ಬರೆದು ಕೊಡುವವರೆಗೆ ಬುಕಿಂಗ್ ಹಣ ಕೊಡಬೇಡಿ.