ಬೆಳೆಯುವ ಮಗು, ಬಳಲಿದ ಮೂತ್ರಪಿಂಡ

ಆರೋಗ್ಯವಂತ ಶಿಶುವಿನ ಉದ್ದವು ಹುಟ್ಟಿದಾಗ ಸುಮಾರು 50 ಸೆಂಟಿಮೀಟರು. ವರ್ಷ ತುಂಬುವ ವೇಳೆಗೆ ಅದು ಸುಮಾರು 75 ಸೆಂಟಿಮೀಟರನ್ನು ಮುಟ್ಟುತ್ತದೆ. ಹುಟ್ಟಿದ ಮೇಲೆ ಮನುಷ್ಯನು ಮತ್ತೆಂದೂ ಇಷ್ಟು ವೇಗವಾಗಿ ಬೆಳೆಯುವುದಿಲ್ಲ. ಈ ಬೆಳವಣಿಗೆಗೆ ಬೇಕಾದ ಸಾಮಗ್ರಿಯೆಲ್ಲವೂ ಆಹಾರದಿಂದಲೇ ಬರಬೇಕು. ಆದರೆ ಮೂತ್ರಪಿಂಡಗಳು ದೀರ್ಘಕಾಲದಿಂದ ಕೆಟ್ಟಿರುವ ಮಗುವಿನ ಪಾಲಿಗೆ, ಬೆಳೆಸಬೇಕಾದ ಆಹಾರವೇ ಹೊರೆಯೂ ಆಗುತ್ತದೆ.

ಮೂತ್ರಪಿಂಡವೆಂದರೆ ಕೇವಲ ಜರಡಿಯಲ್ಲ. ಪ್ರತಿಯೊಂದು ಮೂತ್ರಪಿಂಡದಲ್ಲಿಯೂ ನೆಫ್ರಾನುಗಳೆಂಬ ಸೂಕ್ಷ್ಮ ರಚನೆಗಳು ಸುಮಾರು 10 ಲಕ್ಷದಷ್ಟಿವೆ. ಅವು ರಕ್ತವನ್ನು ಸೋಸಿ ಯೂರಿಯ ಮೊದಲಾದ ಕಲ್ಮಷಗಳನ್ನು ಹೊರಹಾಕುತ್ತವೆ; ನೀರು, ಲವಣ, ಆಮ್ಲಗಳನ್ನು ಹದದಲ್ಲಿಡುತ್ತವೆ. 'ಡಿ' ಜೀವಸತ್ತ್ವವು ಕಾರ್ಯಶೀಲ ರೂಪವನ್ನು ಪಡೆಯುವುದೂ ಮುಖ್ಯವಾಗಿ ಮೂತ್ರಪಿಂಡದಲ್ಲಿಯೇ. ಕೆಂಪು ರಕ್ತಕಣಗಳ ಉತ್ಪತ್ತಿಗೆ ಪ್ರೇರಣೆ ನೀಡುವ ಎರಿತ್ರೊಪೊಯೆಟಿನ್ ಎಂಬ ಹಾರ್ಮೋನೂ ಬಹುಪಾಲು ಇಲ್ಲಿಂದಲೇ ಹೊರಡುತ್ತದೆ. ಆದುದರಿಂದ ಮೂತ್ರಪಿಂಡ ಸೋತಾಗ ಪೆಟ್ಟು ಬೀಳುವುದು ಒಂದು ಕಡೆಗಲ್ಲ. ರಕ್ತದಲ್ಲಿ ಆಮ್ಲ ಶೇಖರವಾಗಿ ಸ್ನಾಯುಗಳು ಕ್ಷೀಣಿಸುತ್ತವೆ, ಸುಣ್ಣದ ಅಂಶ ಕುಗ್ಗಿ, ರಂಜಕ ಹೆಚ್ಚಿ, ಮೂಳೆಗಳು ಬಲಗುಂದಿ ಬಾಗುತ್ತವೆ, ರಕ್ತಹೀನತೆ ತಲೆದೋರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ಹಸಿವೇ ಇಂಗಿಹೋಗುತ್ತದೆ. ಬಾಯಿರುಚಿ ಕೆಟ್ಟು, ಉಂಡದ್ದನ್ನು ಕಕ್ಕುವ ಮಗುವಿಗೆ ತುತ್ತು ತಿನ್ನಿಸುವ ತಾಯಿಯ ಪಾಡು ಹೇಳತೀರದು.

ಇಂತಹ ಮಕ್ಕಳು ಗಿಡ್ಡಾಗಿ ಉಳಿಯಲು ಹೊಟ್ಟೆಗೆ ಸಾಲದಿರುವುದೂ ಒಂದು ಕಾರಣವೆಂಬುದನ್ನು ಅಮೆರಿಕದ ಮಕ್ಕಳ ವೈದ್ಯ ಮಾಲ್ಕಂ ಹಾಲಿಡೇ ಅವರೂ ಅವರ ಸಂಗಡಿಗರೂ 1971ರಲ್ಲಿ ತೋರಿಸಿಕೊಟ್ಟರು. ಡಯಾಲಿಸಿಸ್, ಎಂದರೆ ಯಂತ್ರದ ಮೂಲಕ ರಕ್ತಶುದ್ಧಿ, ಮಾಡಿಸಿಕೊಳ್ಳುತ್ತಿದ್ದ ಮಕ್ಕಳ ಆಹಾರವನ್ನು ಅವರು ಪರಿಶೀಲಿಸಿದರು. ತೀರ ಕಡಿಮೆ ಕ್ಯಾಲೊರಿ ಸೇವಿಸುತ್ತಿದ್ದವರ ಬೆಳವಣಿಗೆ ಕುಂಠಿತವಾಗಿತ್ತು. ಕೊರತೆಯನ್ನು ತುಂಬಿದಾಗ ಕೆಲವರ ಬೆಳವಣಿಗೆ ಚೇತರಿಸಿಕೊಂಡಿತು.

ಸಸಾರಜನಕದ ವಿಷಯ ಇನ್ನೂ ಸೂಕ್ಷ್ಮವಾದುದು. ಅದು ದೇಹದಲ್ಲಿ ವಿಭಜನೆಗೊಂಡಾಗ ಯೂರಿಯ ಹುಟ್ಟುತ್ತದೆ. ಅದನ್ನು ಕಡಿಮೆ ಮಾಡಿದರೆ ಮೂತ್ರಪಿಂಡ ಉಳಿದೀತೆಂಬ ತರ್ಕ ಸಹಜವೇ. ಆದರೆ ಸ್ನಾಯುಗಳನ್ನು ಕಟ್ಟುವುದೂ ಅದೇ. ಯುರೋಪಿನ ಹಲವು ಆಸ್ಪತ್ರೆಗಳಲ್ಲಿ ನಡೆದು 1997ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸಸಾರಜನಕವನ್ನು ಮಿತಗೊಳಿಸಿದರೂ ಮಕ್ಕಳ ರೋಗದ ಮುನ್ನಡೆ ನಿಧಾನವಾಗಲಿಲ್ಲ. ಬೆಳೆಯುವ ಮಗುವಿಗೆ ವಯಸ್ಸಿಗೆ ತಕ್ಕಷ್ಟು ಸಸಾರಜನಕವನ್ನು ಕೊಡಲೇಬೇಕು; ಡಯಾಲಿಸಿಸ್‌ನಲ್ಲಿ ನಷ್ಟವಾಗುವುದನ್ನೂ ಅದಕ್ಕೆ ಸೇರಿಸಬೇಕು.

ಪಥ್ಯವೂ ಎಲ್ಲರಿಗೆ ಒಂದೇ ಅಲ್ಲ. ಮೈ ಊದಿಕೊಂಡು ರಕ್ತದ ಒತ್ತಡ ಏರಿದ ಮಗುವಿಗೆ ಉಪ್ಪನ್ನು ಕಡಿಮೆ ಮಾಡಬೇಕು. ಹುಟ್ಟಿನಿಂದಲೇ ಮೂತ್ರಪಿಂಡ ಸರಿಯಾಗಿ ರೂಪುಗೊಳ್ಳದ ಕೆಲವು ಮಕ್ಕಳಲ್ಲಿಯಾದರೋ ಉಪ್ಪು, ನೀರುಗಳು ಮೂತ್ರದೊಡನೆ ಸೋರಿಹೋಗುತ್ತವೆ. ಅವರಿಗೆ ಎರಡನ್ನೂ ಹೆಚ್ಚಾಗಿ ಕೊಡಬೇಕಾಗುತ್ತದೆ. ಕಾಯಿಲೆಯವರಿಗೆ ಒಳ್ಳೆಯದೆಂದು ಮನೆಮನೆಗಳಲ್ಲಿ ಕೊಡುವ ಎಳನೀರು, ರಕ್ತದಲ್ಲಿ ಪೊಟ್ಯಾಸಿಯಂ ಏರಿರುವ ಮಗುವಿನ ಹೃದಯಬಡಿತವನ್ನೇ ಕೆಡಿಸಬಲ್ಲದು. ನೆರೆಹೊರೆಯವರ ಸಲಹೆ ಇಲ್ಲಿ ಅಪಾಯಕರ. ಆಲೂಗೆಡ್ಡೆಯನ್ನು ಹೆಚ್ಚಿ, ಧಾರಾಳವಾದ ನೀರಿನಲ್ಲಿ ಬೇಯಿಸಿ, ಆ ನೀರನ್ನು ಬಸಿದು ಚೆಲ್ಲಿದರೆ ಅದರ ಪೊಟ್ಯಾಸಿಯಂ ತಗ್ಗುತ್ತದೆ. ಅನ್ನಕ್ಕೆ ತುಪ್ಪವನ್ನೋ ಎಣ್ಣೆಯನ್ನೋ ಬೆರೆಸಿದರೆ ಊಟದ ಗಾತ್ರ ಹೆಚ್ಚದೆಯೇ ಕ್ಯಾಲೊರಿ ಹೆಚ್ಚುತ್ತದೆ. ರಂಜಕ, ಪೊಟ್ಯಾಸಿಯಂಗಳು ಅವುಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಬಾಯಿಯಿಂದ ಸಾಕಷ್ಟು ಉಣ್ಣಲಾರದ ಶಿಶುವಿಗೆ ಮೂಗಿನ ಮೂಲಕ ಹೊಟ್ಟೆಗೆ ತೆಳುವಾದ ಕೊಳವೆಯನ್ನು ಇಳಿಸಿ ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಹರಿಸುವ ಕ್ರಮವಿದೆ. ಮಗು ಮಲಗಿರುವಾಗ ರಾತ್ರಿಯೂ ಹೀಗೆ ಉಣ್ಣಿಸಬಹುದು. ನೋಡುವವರಿಗೆ ಇದು ಕಠಿಣವೆನಿಸುತ್ತದೆ. ಆದರೆ ಮೊದಲ ಎರಡು ವರ್ಷಗಳ ಬೆಳವಣಿಗೆಯು ಮುಖ್ಯವಾಗಿ ಪೋಷಣೆಯನ್ನೇ ಅವಲಂಬಿಸಿದೆ. ಆಗ ಕಳೆದುಕೊಂಡ ಎತ್ತರವನ್ನು ಮುಂದೆ ಪೂರ್ತಿಯಾಗಿ ಮರಳಿ ಪಡೆಯುವುದು ಕಷ್ಟ.

ಅನಂತರದ ವರ್ಷಗಳಲ್ಲಿ ಬೆಳವಣಿಗೆಯ ಹಾರ್ಮೋನಿನ ಪಾತ್ರ ಹಿರಿದಾಗುತ್ತದೆ. ಈ ಮಕ್ಕಳ ರಕ್ತದಲ್ಲಿ ಸಾಮಾನ್ಯವಾಗಿ ಅದರ ಕೊರತೆಯಿರುವುದಿಲ್ಲ. ದೇಹವು ಅದರ ಕರೆಗೆ ಸರಿಯಾಗಿ ಓಗೊಡುವುದಿಲ್ಲ. ಇಂತಹ ಮಕ್ಕಳಿಗೆ ಆ ಹಾರ್ಮೋನಿನ ಚುಚ್ಚುಮದ್ದನ್ನು ನೀಡಲು ಅಮೆರಿಕದಲ್ಲಿ 1993ರಲ್ಲಿ ಅನುಮತಿ ದೊರೆಯಿತು. ಆದರೆ ಅದನ್ನು ಆರಂಭಿಸುವ ಮುನ್ನ ವೈದ್ಯರು ಮಗುವಿನ ಊಟ, ರಕ್ತದಲ್ಲಿನ ಆಮ್ಲ, ಮೂಳೆಗಳ ಸ್ಥಿತಿ ಇವನ್ನು ಪರೀಕ್ಷಿಸುತ್ತಾರೆ. ಮೊದಲು ಅವುಗಳನ್ನು ಸರಿಪಡಿಸಿ, ಅನಂತರವೇ ಚುಚ್ಚುಮದ್ದಿನ ಮಾತೆತ್ತುತ್ತಾರೆ.