ಸಾಲ ಮುಟ್ಟಿತು, ಬೋಜಾ ಇಳಿಯಿತೇ?

ನಮ್ಮ ವಿಜಯಪುರ ಜಿಲ್ಲೆಯಲ್ಲಿ ಹೊಲ ಕೊಳ್ಳಲು ಹೋದವರು ದರ ಮಾತಾಡುವ ಮೊದಲೇ ಕೇಳುತ್ತಾರೆ: ‘ಉತಾರದ ಮ್ಯಾಲ ಬೋಜಾ ಏನರ ಅದ ಏನ್ರಿ?’ ಉತಾರ ಅಂದರೆ ಪಹಣಿ. ಬ್ಯಾಂಕಿನ ಸಾಲ, ಕೋರ್ಟಿನ ತಡೆ, ಮತ್ತೊಬ್ಬರ ಹಕ್ಕು, ಹೊಲದ ಜೊತೆಗೇ ಬರುವ ಇಂಥ ಎಲ್ಲ ಹೊರೆಯೂ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರಿಗೆ ಬೋಜಾ. ಪ್ರಶ್ನೆ ಸರಿಯಾದದ್ದೇ. ಆದರೆ ಉತ್ತರವನ್ನು ಬಾಯಿಮಾತಿನಲ್ಲಿ ನಂಬಬಾರದು.

ಸಿಂದಗಿ ತಾಲ್ಲೂಕಿನ ನಮ್ಮ ಹೊಲದ ಮೇಲೆ ಅಪ್ಪ ಬಾವಿಗೆಂದು ಸಾಲ ತೆಗೆದಿದ್ದರು. ತೊಗರಿ ಮಾರಿ ಕಂತು ಕಟ್ಟಿ ತೀರಿಸಿದರು. ಬಾಕಿ ಇಲ್ಲವೆಂಬ ಪತ್ರವನ್ನೂ ತಂದಿಟ್ಟರು. ಎಷ್ಟೋ ವರ್ಷಗಳ ಮೇಲೆ ಅಣ್ಣತಮ್ಮಂದಿರ ವಾಟ್ನಿಗೆಂದು, ಅಂದರೆ ಹೊಲದ ಪಾಲಿಗೆಂದು, ಉತಾರ ತೆಗೆಸಿದರೆ, 11ನೇ ಕಾಲಂನಲ್ಲಿ ಅದೇ ಬ್ಯಾಂಕು, ಅದೇ ಮೊತ್ತ. ತಲಾಟಿ ಹೇಳಿದರು: ‘ಸಾಲ ಮುಟ್ಟೇದ ಖರೆ ರೀ, ಬೋಜಾ ಕಮ್ಮಿ ಮಾಡ್ರಿ ಅಂತ ಬ್ಯಾಂಕಿನವ್ರು ಬರದು ಕಳಸಿಲ್ಲ.’ ಶಾಖೆಯಲ್ಲಿ ಹಳಬರು ಯಾರೂ ಉಳಿದಿರಲಿಲ್ಲ. ಅಪ್ಪನ ಪತ್ರ ಇದ್ದದ್ದಕ್ಕೆ ಕೆಲಸವಾಯಿತು. ಅಲ್ಲಿಯವರೆಗೆ ವಾಟ್ನಿಯೂ ನಿಂತಿತು, ಹೊಸ ಬೆಳೆಸಾಲವೂ ಸಿಗಲಿಲ್ಲ.

1974ರ ಕರ್ನಾಟಕದ ಕೃಷಿ ಸಾಲ ಕಾಯ್ದೆಯಡಿ ರೈತ ಬರೆದುಕೊಡುವ ಘೋಷಣೆಯೇ ಬೋಜಾ ಕೂಡಿಸಲು ಸಾಕು. ಇಳಿಸಲು ಮಾತ್ರ ಸಾಲ ಕೊಟ್ಟವರ ಪತ್ರ ಕಂದಾಯ ಕಚೇರಿಗೆ ತಲುಪಬೇಕು. ಹಣ ಕಟ್ಟಿದರೆ ತಾನಾಗಿಯೇ ಅಳಿಸಿಹೋಗುತ್ತದೆ ಎಂದು ಕೂತರೆ ಕೆಡುವುದು ರೈತನ ಕೆಲಸವೇ.

ಹೊಲ ಕೊಳ್ಳುವವರು ಉಪನೋಂದಣಿ ಕಚೇರಿಯ ಇ.ಸಿ., ಅಂದರೆ ಋಣಭಾರ ಪ್ರಮಾಣಪತ್ರ, ತೆಗೆಸುತ್ತಾರೆ. ವ್ಯವಹಾರ ನಡೆದಿದ್ದರೆ ನಮೂನೆ 15, ಇಲ್ಲದಿದ್ದರೆ ನಮೂನೆ 16. ನಮೂನೆ 16 ಬಂತೆಂದು ಮುಂಗಡ ಎಣಿಸಿಬಿಡಬೇಡಿ. ನೀವು ಕೇಳಿದ ಅವಧಿಯಲ್ಲಿ ಆ ಕಚೇರಿಗೆ ತಲುಪಿದ ದಾಖಲೆಗಳಷ್ಟೇ ಇ.ಸಿ.ಯಲ್ಲಿರುತ್ತವೆ. ನೋಂದಣಿಯಾಗದ ಖರೀದಿ ಕರಾರು ಅದರಲ್ಲಿ ಕಾಣದು. ಆದ್ದರಿಂದ ಇ.ಸಿ. ಜೊತೆಗೆ ಉತಾರವನ್ನೂ ಓದಬೇಕು, ಊರಿನ ಸೊಸೈಟಿಯಲ್ಲೂ ವಿಚಾರಿಸಬೇಕು. ಚಡಚಣ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ ಹೊಸ ತಾಲ್ಲೂಕುಗಳಾಗಿವೆ. ಹಳೆಯ ದಾಖಲೆ ಯಾವ ಕಚೇರಿಯಲ್ಲಿದೆ ಎಂದು ಮೊದಲೇ ಕೇಳಿಕೊಳ್ಳಿ.

ಸಾಲ ಮಾಡದವರೂ ಉತಾರ ನೋಡುತ್ತಿರಬೇಕು. 2024ರಲ್ಲಿ ಇಂಡಿ ತಾಲ್ಲೂಕಿನ ಕೆಲವು ಪಹಣಿಗಳ 11ನೇ ಕಾಲಂನಲ್ಲಿ ವಕ್ಫ್ ಹೆಸರು ಸೇರಿತ್ತು. ನೋಟಿಸ್ ಕೊಡದೆ ಹಾಗೆ ನಮೂದಾಗಿದೆ ಎಂದು ಜಿಲ್ಲಾ ಉಸ್ತುವಾರಿ ಸಚಿವ ಎಂ.ಬಿ. ಪಾಟೀಲರೇ ಒಪ್ಪಿಕೊಂಡರು. ದಾಖಲೆಯ ಮಾತು ಯಾರ ಕಡೆಗೇ ಇರಲಿ, ಅದು ಮೊದಲು ಹೊಲದವನಿಗೆ ಗೊತ್ತಾಗಬೇಕು.

ಮನೆಸಾಲದವರಿಗೆ ರಿಸರ್ವ್ ಬ್ಯಾಂಕಿನ ರಕ್ಷಣೆ ಇದೆ. 2023ರ ಡಿಸೆಂಬರ್ 1ರಿಂದ, ಸಾಲ ತೀರಿದ 30 ದಿನಗಳೊಳಗೆ ಬ್ಯಾಂಕು ಮೂಲ ಪತ್ರಗಳನ್ನು ಮರಳಿಸಬೇಕು, ಬೋಜಾ ತೆಗೆಸಬೇಕು. ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಬೆಳೆಸಾಲ ತೀರಿಸುವ ರೈತನಿಗೂ ಇಷ್ಟೇ ಗಟ್ಟಿಯಾದ, ದಿನ ನಿಗದಿಯಾದ ನಿಯಮ ಬೇಕು.

ಅದು ಬರುವವರೆಗೆ ನಮ್ಮ ಕಾಳಜಿ ನಮ್ಮದೇ. ಕೊನೆಯ ಕಂತು ಕಟ್ಟಿದ ದಿನವೇ ಬೋಜಾ ಕಮ್ಮಿ ಮಾಡುವ ಪತ್ರ ಕೇಳಿ ಪಡೆಯಿರಿ, ಕಚೇರಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಹಿಂಗಾರಿ ಬಿತ್ತನೆಗೆ ಮುಂಚೆ ಒಮ್ಮೆ ಉತಾರ ತೆಗೆಸಿ, 11ನೇ ಕಾಲಂ ನೀವೇ ಓದಿ.