ಉತ್ತರ ಸರಿ, ಜಾಕೋಬಿಯನ್ ತಪ್ಪು

ರಾಸಾಯನಿಕ ಕ್ರಿಯೆಗಳ ಸಮೀಕರಣ ಬಿಡಿಸುವ ಆ ಪ್ರೋಗ್ರಾಮ್ ನನ್ನ ಕೈಗೆ ಬಂದಾಗ ಅದರ ಮೇಲಿದ್ದ ದೂರು ಒಂದೇ: ಉತ್ತರ ಸರಿ ಬರುತ್ತದೆ, ಆದರೆ ತೀರಾ ನಿಧಾನ. ಒಳಗಿದ್ದದ್ದು ಸನ್‌ಡಯಲ್ಸ್ ಲೈಬ್ರರಿಯ ಸಿವೋಡ್ ಸಾಲ್ವರ್. ಜಾಕೋಬಿಯನ್, ಅಂದರೆ ಡೆರಿವೇಟಿವ್‌ಗಳ ಕೋಷ್ಟಕ, ಮಾತ್ರ ಕೈಯಲ್ಲಿ ಬರೆದದ್ದು.

ಇಂಥ ದೂರು ಕೇಳಿದರೆ ನನ್ನ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಉತ್ತರ ಎಲ್ಲಿ ನಿಲ್ಲಬೇಕೆಂದು ಹೇಳುವುದು ಮೂಲ ಸಮೀಕರಣ. ಜಾಕೋಬಿಯನ್ ತೋರಿಸುವುದು ಅಲ್ಲಿಗೆ ಹೋಗುವ ದಾರಿಯನ್ನಷ್ಟೆ. ದಾರಿ ತಪ್ಪಿದರೆ ಸಿವೋಡ್ ಕೊಡುವ ಮೂರು ಸುತ್ತಿನೊಳಗೆ ನ್ಯೂಟನ್ ವಿಧಾನ ಗುರಿ ಮುಟ್ಟುವುದಿಲ್ಲ. ಸಾಲ್ವರ್ ಕಾಲದ ಹೆಜ್ಜೆಯನ್ನು ಕುಗ್ಗಿಸಿ ಮತ್ತೆ ಹೊರಡುತ್ತದೆ. ಹಾಗಾಗಿ ನಾನು ನೋಡಿದ್ದು ಫಲಿತಾಂಶವನ್ನಲ್ಲ, ನ್ಯೂಟನ್ ಎಷ್ಟು ಸಲ ಸೋತಿತು ಎಂಬ ಎಣಿಕೆಯನ್ನು. ಅದು ವಿಪರೀತ ಇತ್ತು.

ಪರೀಕ್ಷೆಗೆ ಇಟ್ಟಿದ್ದು ರಾಬರ್ಟ್‌ಸನ್ 1966ರಲ್ಲಿ ಪ್ರಕಟಿಸಿದ ಹೆಸರಾಂತ ಸಮಸ್ಯೆ. ಎ, ಬಿ, ಸಿ ಎಂಬ ಮೂರು ವಸ್ತು. ವೇಗದ ಸ್ಥಿರಾಂಕಗಳು 0.04, 10 ಸಾವಿರ, 3 ಕೋಟಿ. ಬಿಯ ವರ್ಗವಿರುವ ಪದದ ಡೆರಿವೇಟಿವ್ 6 ಕೋಟಿ × ಬಿ ಆಗಬೇಕು. ಕೋಡಿನಲ್ಲಿ 3 ಕೋಟಿಯೇ ಉಳಿದಿತ್ತು, ಅದೂ ಎರಡು ಸಾಲಿನಲ್ಲಿ.

ಇದು ಇಷ್ಟು ದಿನ ತಪ್ಪಿಸಿಕೊಂಡ ಬಗೆ ನನ್ನನ್ನು ಇವತ್ತಿಗೂ ಕಾಡುತ್ತದೆ. ಜಾಕೋಬಿಯನ್ನಿನ ಪರೀಕ್ಷೆ ನಡೆಯುತ್ತಿದ್ದದ್ದು ಆರಂಭದ ಬಿಂದುವಿನಲ್ಲಿ: ಎ 1, ಉಳಿದೆರಡೂ ಸೊನ್ನೆ. ಬಿ ಸೊನ್ನೆಯಾದಾಗ 3 ಕೋಟಿಯೂ ಒಂದೇ, 6 ಕೋಟಿಯೂ ಒಂದೇ. ಎ, ಬಿ, ಸಿ ಮೂರರ ಮೊತ್ತ ಬದಲಾಗದು, ಆದ್ದರಿಂದ ಜಾಕೋಬಿಯನ್ನಿನ ಪ್ರತಿ ಕಂಬಸಾಲಿನ ಮೊತ್ತ ಸೊನ್ನೆ ಬರಬೇಕು. ಆ ತಾಳೆಯೂ ಕೂಡಿಬಂತು. ಬಿಯ ಸಾಲಿನಲ್ಲಿ ಕಡಿಮೆಯಾದಷ್ಟೇ ಸಿಯ ಸಾಲಿನಲ್ಲೂ ಕಡಿಮೆಯಾಗಿತ್ತಲ್ಲ!

ಕಾಲ 0.4ಕ್ಕೆ ಹೋಗಿ ನೋಡಿದೆ. ಅಲ್ಲಿ ಬಿ ಸುಮಾರು 0.000034, ಸಿ ಸುಮಾರು 0.0148. ಬಿಯನ್ನು ಚೂರು ಹೆಚ್ಚಿಸಿ, ಚೂರು ತಗ್ಗಿಸಿ ವ್ಯತ್ಯಾಸದಿಂದ ಡೆರಿವೇಟಿವ್ ತೆಗೆದರೆ ಜಾಕೋಬಿಯನ್ನಿನ ಬಿ ಸಾಲು, ಬಿ ಕಂಬಸಾಲಿನ ಜಾಗದಲ್ಲಿ ಸುಮಾರು -2180 ಬರುತ್ತದೆ. ಕೋಡ್ ಕೊಟ್ಟದ್ದು ಸುಮಾರು -1164. ಆ ‘ಚೂರು’ ಎಷ್ಟು ಎಂಬುದರಲ್ಲೂ ಎಚ್ಚರ ಬೇಕು. ಬಿಯನ್ನು 0.001ರಷ್ಟು ಹೆಚ್ಚಿಸಿ ಒಂದೇ ಬದಿಯಿಂದ ಅಳೆದರೆ ದೋಷವೇ 30 ಸಾವಿರ. ಅದರಡಿ 2180 ಎಲ್ಲಿ ಕಾಣಬೇಕು?

ಎರಡು ಸಾಲು ತಿದ್ದಿದ ಮೇಲೆ ನ್ಯೂಟನ್ ಸೋಲುಗಳ ಎಣಿಕೆ ಧೊಪ್ಪನೆ ಇಳಿಯಿತು. ಪರೀಕ್ಷೆಯ ಬಿಂದುವನ್ನೂ ಬದಲಿಸಿದೆ. ಈಗ ಅಲ್ಲಿ ಯಾವ ಚರವೂ ಸೊನ್ನೆಯಲ್ಲ. ಯಾವ ಎರಡು ಚರಗಳ ಬೆಲೆಯೂ ಒಂದೇ ಅಲ್ಲ. ಇಲ್ಲದಿದ್ದರೆ ಬಿ ಬರೆಯಬೇಕಾದಲ್ಲಿ ಸಿ ಬರೆದದ್ದು ಹಾಗೇ ಪಾಸಾಗಿಬಿಡುತ್ತದೆ.